ಲಾಲ್‌ಬಾಗಿನ ಗಾಜಿನ ಮನೆಗೆ ಗೋಡೆ ಯಾಕಿಲ್ಲ?

ಲಾಲ್‌ಬಾಗಿನ ಗಾಜಿನ ಮನೆಯನ್ನು ನಮ್ಮಲ್ಲಿ ಹೆಚ್ಚಿನವರು ನೋಡುವುದು ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಆಗಸ್ಟಿನ ಫ್ಲವರ್ ಶೋ ಹೊತ್ತಿಗೆ. ಆಗ ನೂಕುನುಗ್ಗಲು, ಕಣ್ಣೆಲ್ಲ ಹೂವಿನ ಮೇಲೆ. ಶೋ ಇಲ್ಲದ ಒಂದು ದಿನ ಬೆಳಿಗ್ಗೆ ಹೋಗಿ, ಅದರ ಪಕ್ಕ ನಿಂತು ಸುಮ್ನೆ ತಲೆ ಎತ್ತಿ ನೋಡಿ. ತೆಳ್ಳಗಿನ ಎರಕದ ಕಬ್ಬಿಣದ ಕಂಬಗಳು, ಅವುಗಳ ಮೇಲೆ ಕಮಾನು, ಕಮಾನಿನ ಮೇಲೆ ಗಾಜು. ಆಮೇಲೆ ಕೆಳಗೆ ನೋಡಿ. ಸುತ್ತ ಗೋಡೆಯೇ ಇಲ್ಲ! ಗಾಳಿ ಈ ಕಡೆಯಿಂದ ಬಂದು ಆ ಕಡೆ ಹೋಗುತ್ತದೆ.

ಆ ಕಟ್ಟಡದಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ.

ಯಾಕಂದ್ರೆ ಗಾಜಿನ ಮನೆ ಬೆಳೆದದ್ದು ಚಳಿ ದೇಶಗಳಲ್ಲಿ, ಬೆಚ್ಚನೆ ಗಾಳಿಯನ್ನು ಕೂಡಿಹಾಕಲಿಕ್ಕೆ. ಬಿಸಿಲು ಗಾಜು ದಾಟಿ ಒಳಗೆ ಬರುತ್ತದೆ, ಮಣ್ಣು ಕಾಯುತ್ತದೆ, ಬಿಸಿಯಾದ ಗಾಳಿಗೆ ಹೊರಗೆ ಹೋಗಲು ದಾರಿ ಇರುವುದಿಲ್ಲ. ಫ್ರಾನ್ಸಿನ ದೊರೆ 14ನೇ ಲೂಯಿ 1680ರ ದಶಕದಲ್ಲೇ ವರ್ಸೇಲ್ಸ್‌ನಲ್ಲಿ ಕಿತ್ತಳೆ ಗಿಡಗಳು ಚಳಿಗಾಲ ಕಳೆಯಲೆಂದು ದೊಡ್ಡ ಕಟ್ಟಡ ಕಟ್ಟಿಸಿದ್ದ. ಬ್ರಿಟನ್ನಿನಲ್ಲಿ 1845ರಲ್ಲಿ ಗಾಜಿನ ಮೇಲಿನ ತೆರಿಗೆ ರದ್ದಾದ ಮೇಲೆ ಇಂಥ ಕಟ್ಟಡಗಳು ಇನ್ನೂ ಜಾಸ್ತಿಯಾದವು.

ಅಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ ಅಂತ ಒಬ್ಬ ತೋಟಗಾರ ಇದ್ದ. ರೈತನ ಮಗ. ಚಾಟ್ಸ್‌ವರ್ತ್‌ನಲ್ಲಿ ಒಬ್ಬ ಡ್ಯೂಕನ ತೋಟ ನೋಡಿಕೊಳ್ಳುತ್ತಿದ್ದ. ಅಲ್ಲಿ ಅವನು ಕಟ್ಟಿದ 'ಗ್ರೇಟ್ ಸ್ಟೋವ್' ಎಂಬ ಗಾಜಿನ ಮನೆ ಎಷ್ಟು ದೊಡ್ಡದೆಂದರೆ, 1843ರಲ್ಲಿ ವಿಕ್ಟೋರಿಯಾ ರಾಣಿ ಸಾರೋಟಿನಲ್ಲಿ ಕೂತೇ ಅದರೊಳಗೆ ಹಾದುಹೋದಳು. ಒಳಗೆ ಬಿಸಿನೀರು ಹರಿಸಲು 8 ಬಾಯ್ಲರು, ಸುಮಾರು 11 ಕಿಲೋಮೀಟರ್ ಪೈಪು. ಹೊಗೆ, ಮಸಿ ಯಾರ ಕಣ್ಣಿಗೂ ಬೀಳಬಾರದೆಂದು ಕಲ್ಲಿದ್ದಲು ನೆಲದಡಿಯ ಸುರಂಗದಲ್ಲಿ ಬರುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಕಲ್ಲಿದ್ದಲಿಗೆ ತತ್ವಾರವಾಯಿತು. ಒಲೆ ಆರಿತು, ಗಿಡಗಳು ಸತ್ತವು. 1920ರಲ್ಲಿ ಕಟ್ಟಡವನ್ನೇ ಕೆಡವಿದರು. ಅಷ್ಟು ಅಕ್ಕರೆಯಿಂದ ಸಾಕಿದ ಗಿಡಗಳಿಗೆ ಹೀಗಾಯಿತಲ್ಲ ಅಂತ ನೆನೆದಾಗೆಲ್ಲ ಹೊಟ್ಟೆ ಚುರ್ ಎನ್ನುತ್ತದೆ.

1851ರಲ್ಲಿ ಲಂಡನ್ನಿನಲ್ಲಿ ಎದ್ದ ದೊಡ್ಡ ಗಾಜಿನ ಕಟ್ಟಡ ಕ್ರಿಸ್ಟಲ್ ಪ್ಯಾಲೇಸ್ ರೂಪಿಸಿದವನೂ ಇದೇ ಪ್ಯಾಕ್ಸ್‌ಟನ್. ನಮ್ಮ ಗಾಜಿನ ಮನೆಗೆ ಅದೇ ಸ್ಫೂರ್ತಿ. 1889ರ ನವೆಂಬರ್ 30ರಂದು ಬ್ರಿಟನ್ನಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಇಲ್ಲಿ ಅಡಿಗಲ್ಲು ಇಟ್ಟ. (ಕ್ರಿಸ್ಟಲ್ ಪ್ಯಾಲೇಸ್ ಸುಟ್ಟುಹೋದದ್ದೂ ನವೆಂಬರ್ 30ರಂದೇ, 1936ರಲ್ಲಿ.) ಆಗ ಲಾಲ್‌ಬಾಗಿನ ಉಸ್ತುವಾರಿ ಜಾನ್ ಕ್ಯಾಮರಾನ್ ಅವರದ್ದು. ಕಬ್ಬಿಣ ಗ್ಲಾಸ್ಗೋದಿಂದ ಹಡಗಿನಲ್ಲಿ ಬಂತು. ಆದರೆ ಅದರ ಜೊತೆ ಬಾಯ್ಲರು ಬರಲಿಲ್ಲ, ನಾಲ್ಕೂ ಕಡೆ ಮುಚ್ಚಿದ ಗಾಜಿನ ಗೋಡೆಯೂ ಬರಲಿಲ್ಲ. ಬೆಂಗಳೂರಿನ ಹವೆಗೆ ಅವೆರಡೂ ಬೇಕಿರಲಿಲ್ಲ. ಇಲ್ಲಿನ ಗಿಡಕ್ಕೆ ಮೇಲಿನಿಂದ ಬೆಳಕು ಬಿದ್ದು, ಪಕ್ಕದಿಂದ ಗಾಳಿ ಆಡಿದರೆ ಸಾಕು. ಕಟ್ಟಿದವರು ಊರಿನ ಹವೆ ನೋಡಿ ಕಟ್ಟಿದ್ದಾರೆ ಅಲ್ವಾ? ಒಂದು ಚೂರು ಕಲ್ಲಿದ್ದಲು ಉರಿಸದೆ ಅದು ಇಷ್ಟು ವರ್ಷ ನಿಂತಿದೆ.

ಈಗ ಔಟರ್ ರಿಂಗ್ ರೋಡಿಗೆ ಬನ್ನಿ. ನಾನು ಕೆಲಸ ಮಾಡಿದ ಒಂದು ಆಫೀಸಿನಲ್ಲಿ ಪಶ್ಚಿಮದ ಗೋಡೆ ಪೂರ್ತಿ ಗಾಜು. ತೆರೆಯುವ ಕಿಟಕಿ ಒಂದೂ ಇಲ್ಲ. ಮಧ್ಯಾಹ್ನ ಮೂರಾಯಿತೆಂದರೆ ಆ ಕಡೆ ಕೂತವರ ಕೆನ್ನೆ ಸುಡುತ್ತಿತ್ತು. ಬ್ಲೈಂಡ್ಸ್ ಇಳಿಸುತ್ತಿದ್ದೆವು. ಕತ್ತಲಾಯಿತೆಂದು ಹಗಲಲ್ಲೇ ಲೈಟು ಹಾಕುತ್ತಿದ್ದೆವು. ಏಸಿ ಇನ್ನೂ ಜೋರು ಮಾಡಿ ಅಂತ ಒಬ್ಬರು, ಚಳಿ ಅಂತ ಶಾಲು ಹೊದ್ದವರು ಇನ್ನೊಬ್ಬರು. ಕರೆಂಟು ಹೋದರೆ ಜನರೇಟರ್. ಚಳಿ ದೇಶದವರು ಗಿಡ ಬೆಚ್ಚಗಿಡಲು ಕಂಡುಕೊಂಡ ಪೆಟ್ಟಿಗೆಯಲ್ಲಿ ನಾವು ಮನುಷ್ಯರನ್ನು ಕೂರಿಸಿ, ಆಮೇಲೆ ತಂಪು ಮಾಡಲು ಒದ್ದಾಡುತ್ತಿದ್ದೇವೆ. ಇದು ನನಗೆ ನಿಜಕ್ಕೂ ಸಿಟ್ಟು ತರಿಸುವ ವಿಷಯ.

ದೊಡ್ಡಬಳ್ಳಾಪುರದ ಕಡೆ ಪಾಲಿಹೌಸಿನಲ್ಲಿ, ಅಂದ್ರೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಹಸಿರುಮನೆಯಲ್ಲಿ, ಗುಲಾಬಿ, ದಪ್ಪ ಮೆಣಸಿನಕಾಯಿ ಬೆಳೆಯುವ ರೈತರನ್ನು ಕೇಳಿ ನೋಡಿ. ಬಿಸಿ ಗಾಳಿ ಮೇಲೇರಿ ಹೊರಗೆ ಹೋಗಲು ಚಾವಣಿಯಲ್ಲಿ ಸಂದು ಬಿಟ್ಟಿರುತ್ತಾರೆ. ಪಕ್ಕದ ಪರದೆ ಸುತ್ತಿ ಮೇಲಕ್ಕೆತ್ತುತ್ತಾರೆ. ಬಿಸಿಲು ಏರಿದರೆ ನೆರಳಿನ ಬಲೆ ಎಳೆಯುತ್ತಾರೆ. ಗಾಳಿ ಆಡದಿದ್ದರೆ ಬೆಳೆ ಕೈಕೊಡುತ್ತದೆ ಅಂತ ಅವರಿಗೆ ಗೊತ್ತು.

ಹೊಸ ಕಟ್ಟಡದ ನಕ್ಷೆ ಮಂಜೂರು ಮಾಡುವವರು ಮೂರೇ ಪ್ರಶ್ನೆ ಕೇಳಲಿ. ಕಿಟಕಿ ತೆರೆಯುತ್ತದಾ? ಪಶ್ಚಿಮದ ಬಿಸಿಲಿಗೆ ನೆರಳು ಇದೆಯಾ? ಕರೆಂಟಿಲ್ಲದ ಮಧ್ಯಾಹ್ನ ಒಳಗೆ ಕೂರಲಿಕ್ಕೆ ಆಗುತ್ತದಾ? ಇದಕ್ಕೆ ಉತ್ತರ ಇಲ್ಲದ ನಕ್ಷೆಗೆ ಸಹಿ ಹಾಕಬಾರದು.