ಏಪ್ರಿಲ್ ಹಿಮಕ್ಕೆ ಹಾಲು ಬ್ರೆಡ್ಡು ಸಾಲದು

ನಾಳೆ ರಾತ್ರಿಯಿಂದ ಹಿಮ ಅಂತ ಹವಾಮಾನದವರು ಹೇಳಿದ್ದೇ ತಡ, ಇಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದ ಡುಲೂತ್‌ನ ಅಂಗಡಿಯಲ್ಲಿ ಹಾಲು ಇಡುವ ಜಾಗ ಖಾಲಿ. ಬ್ರೆಡ್ ಅಂತೂ ಕೇಳಲೇಬೇಡಿ. ನನ್ನ ಮುಂದೆ ನಿಂತಿದ್ದವರ ಗಾಡಿಯಲ್ಲಿ ನಾಲ್ಕು ಗ್ಯಾಲನ್ ಹಾಲಿತ್ತು. ಎರಡು ದಿನಕ್ಕೆ ಅಷ್ಟು ಹಾಲು ಕುಡಿಯೋರು ಯಾರಪ್ಪಾ? ಪಕ್ಕದಲ್ಲೇ ಟಾರ್ಚು, ಬ್ಯಾಟರಿ ಸಾಲಾಗಿ ನೇತಾಡುತ್ತಿದ್ದವು. ಅದನ್ನು ಯಾರೂ ಮುಟ್ಟಿರಲಿಲ್ಲ.

ಜನವರಿಯಲ್ಲಿ ಹಿಮ ಬಿದ್ದರೆ ರಸ್ತೆ ಹೋಗುತ್ತದೆ. ಏಪ್ರಿಲ್‌ನಲ್ಲಿ ಬಿದ್ದರೆ ಕರೆಂಟೂ ಹೋಗುತ್ತದೆ. ಇದು ತಲೆಗೆ ಹೋಗದೆ ಮಾಡಿದ ತಯಾರಿ ಎಲ್ಲ ದಂಡ.

ಕಾರಣ ಇದೆ. ಒಂದು ಇಂಚು ಮಳೆ ಆಗುವಷ್ಟು ನೀರು ಕಡುಚಳಿಯಲ್ಲಿ ಹದಿನೈದು ಇಪ್ಪತ್ತು ಇಂಚು ಹಿಮವಾಗಿ ಬೀಳಬಹುದು. ಹತ್ತಿಯ ಹಾಗೆ, ಊದಿದರೆ ಹಾರುತ್ತದೆ. ಈಗ ಅದೇ ನೀರು ಐದಾರು ಇಂಚಿನಲ್ಲೇ ಮುಗಿಯುತ್ತದೆ. ಒದ್ದೆ ಹಿಮ, ಇಡ್ಲಿ ಹಿಟ್ಟಿನ ಭಾರ. ಕೊಂಬೆಗೆ, ವೈರಿಗೆ ಅಂಟಿಕೊಂಡು ಕೂರುತ್ತದೆ. ಗಾಳಿ ಬೀಸಿದರೆ ಎರಡೂ ಒಟ್ಟಿಗೆ ಕೆಳಗೆ.

ಗಾಳಿಗಂತೂ ಇಲ್ಲಿ ಬರವಿಲ್ಲ. ಲೇಕ್ ಸುಪೀರಿಯರ್ ಅನ್ನು ಕೆರೆ ಅನ್ನೋಕೆ ನನಗೆ ಇವತ್ತಿಗೂ ನಾಲಿಗೆ ಹೊರಳಲ್ಲ. ಸುಮಾರು 82,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಐದರಲ್ಲಿ ಎರಡು ಪಾಲಿಗಿಂತ ಜಾಸ್ತಿ. ಅದರ ಪಶ್ಚಿಮದ ತುದಿಯಲ್ಲಿ ನಮ್ಮೂರು. ಈಶಾನ್ಯದಿಂದ ಗಾಳಿ ಎದ್ದರೆ ಉದ್ದಕ್ಕೂ ನೀರಿನ ಮೇಲೆ ತಡೆಯಿಲ್ಲದೆ ಬಂದು, ದಡದಿಂದ ಸುಮಾರು 800 ಅಡಿ ಎತ್ತರದ ಗುಡ್ಡ ಹತ್ತುತ್ತದೆ. ಹತ್ತುವಾಗ ತಂಪಾಗಿ, ಹೊತ್ತು ತಂದಿದ್ದನ್ನು ಅಲ್ಲೇ ಸುರಿಯುತ್ತದೆ. ಅರಬ್ಬಿ ಸಮುದ್ರದ ಗಾಳಿ ಆಗುಂಬೆ ಘಾಟಿಯಲ್ಲಿ ಮಾಡುವುದೂ ಇದನ್ನೇ ಅಲ್ವಾ? ಕೆಳಗೆ ನೀರಿನ ಪಕ್ಕ ಬರೀ ಮಳೆ ಹನಿಯುತ್ತಿರುವಾಗ ಮೇಲೆ ನಮ್ಮ ಬೀದಿಯಲ್ಲಿ ಮೊಣಕಾಲುದ್ದ ಹಿಮ ಇರುವುದು ಇದಕ್ಕೇ. 'ಕೆಳಗೆ ಏನೂ ಇಲ್ವಲ್ಲ' ಅಂತ ಕಾರು ಹತ್ತಿಸಿ ಗುಡ್ಡದ ನಡುವೆ ಸಿಕ್ಕಿಕೊಂಡವರನ್ನು ಕಣ್ಣಾರೆ ನೋಡಿದ್ದೇನೆ.

ಏಪ್ರಿಲ್‌ನಲ್ಲಿ ಬಿದ್ದು ಎಷ್ಟು ಬಿದ್ದೀತು ಅನ್ನಬೇಡಿ. 2013ರ ಏಪ್ರಿಲ್ ತಿಂಗಳೊಂದರಲ್ಲೇ ಇಲ್ಲಿ 50.8 ಇಂಚು ಬಿದ್ದಿದೆ. ಅಲ್ಲಿಯವರೆಗೆ ಯಾವ ಡಿಸೆಂಬರ್, ಜನವರಿಯಲ್ಲೂ ಇಷ್ಟು ಬಿದ್ದ ದಾಖಲೆ ಇರಲಿಲ್ಲ. ಆ ವರ್ಷ ಯುಗಾದಿ ಏಪ್ರಿಲ್ 11ಕ್ಕೆ.

ನನಗೆ ಬುದ್ಧಿ ಬಂದಿದ್ದು ಇಲ್ಲಿಗೆ ಬಂದ ಎರಡನೇ ವಸಂತದಲ್ಲಿ. ಸಂಜೆ ಏಳಕ್ಕೆ ಹೋದ ಕರೆಂಟ್ ಮಾರನೇ ದಿನ ಮಧ್ಯಾಹ್ನ ಬಂತು. ಹೀಟರ್ ಗ್ಯಾಸಿನದು, ನಮಗೇನು ಅಂದುಕೊಂಡಿದ್ದೆ. ಗ್ಯಾಸ್ ಇದ್ದರೇನು ಬಂತು, ಬಿಸಿ ಗಾಳಿಯನ್ನು ಮನೆ ತುಂಬ ತಳ್ಳುವ ಫ್ಯಾನಿಗೆ ಕರೆಂಟ್ ಬೇಕಲ್ಲ! ಒಲೆಯೂ ಕರೆಂಟಿನದೇ. ಫೋನಿನಲ್ಲಿ 11 ಪರ್ಸೆಂಟ್ ಚಾರ್ಜ್. ಆ ರಾತ್ರಿ ನಮ್ಮನ್ನು ಕಾಪಾಡಿದ್ದು ಅಮ್ಮ ಕಳಿಸಿದ್ದ ಗೊಜ್ಜವಲಕ್ಕಿ ಪುಡಿ ಮತ್ತು ತಣ್ಣೀರಿನಲ್ಲಿ ನೆನೆಸಿದ ಅವಲಕ್ಕಿ. ಜಾಕೆಟ್ ಹಾಕಿಕೊಂಡು, ಮಗಳ ಆಟದ ದೀಪದ ಬೆಳಕಲ್ಲಿ ತಿಂದೆವು. ಹಾಲು ಇತ್ತು, ಹೌದು. ಕಾಯಿಸೋಕೆ ಆಗಬೇಕಲ್ಲ.

ಈಗ ನನ್ನ ತಯಾರಿಯೇ ಬೇರೆ. ಫೋನು, ಪವರ್ ಬ್ಯಾಂಕ್ ಚಾರ್ಜಿಗೆ. ಎರಡು ಫ್ಲಾಸ್ಕ್ ಬಿಸಿನೀರು. ಗ್ಯಾರೇಜಿನ ಮೂಲೆ ಸೇರಿದ್ದ ಸಲಿಕೆ ಮತ್ತೆ ಬಾಗಿಲಿಗೆ. ಮುಖ್ಯವಾಗಿ ಮನೆಯ ಪಕ್ಕದ ಗೋಡೆಯಿಂದ ಹೊರಗೆ ಬಂದಿರುವ ಎರಡು ಬಿಳಿ ಪೈಪ್ ನೋಡಿ. ಅವು ಹೀಟರಿನ ಮೂಗು. ಹಿಮ ಅವನ್ನು ಮುಚ್ಚಿದರೆ ಹೀಟರ್ ನಿಲ್ಲಬಹುದು, ಇಲ್ಲವೇ ಕಾರ್ಬನ್ ಮೊನಾಕ್ಸೈಡ್ ಒಳಗೇ ತುಂಬಬಹುದು. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಚಳಿ ತಡೆಯದೆ ಗ್ಯಾರೇಜಿನೊಳಗೆ ಜನರೇಟರ್ ಹಚ್ಚುವವರಿಗೂ ಇದೇ ಮಾತು. ದಯವಿಟ್ಟು ಬೇಡ.

ಇನ್ನೊಂದು, ಸಲಿಕೆ ತುಂಬ ಎತ್ತಬೇಡಿ. ಈ ಒದ್ದೆ ಹಿಮ ಎತ್ತುವಾಗಲೇ ಎದೆ ಹಿಡಿಯುವುದು. ಎದುರು ಮನೆಯ ಅಜ್ಜನಿಗೆ ಎಪ್ಪತ್ತೈದು ದಾಟಿದೆ. ಅವರ ಬಾಗಿಲ ಮುಂದಿನದು ನಾನು ತೆಗೆಯುತ್ತೇನೆ ಅಂತ ಇವತ್ತೇ ಹೇಳಿ ಬಂದೆ. 'ನನ್ನ ಸಲಿಕೆಗೇ ನಿನಗಿಂತ ಜಾಸ್ತಿ ವಯಸ್ಸು' ಅಂದರು. ನಾಡಿದ್ದು ಅವರಿಗಿಂತ ಮೊದಲು ಏಳಬೇಕು.

ಸಂಜೆ ಅಮ್ಮನಿಗೆ ಫೋನ್ ಮಾಡಿದ್ದೆ. ತೀರ್ಥಹಳ್ಳಿಯಲ್ಲಿ ಸೆಕೆ, ಮಾವಿನಮಿಡಿ ಉಪ್ಪಿಗೆ ಹಾಕಿದ್ದಾಳಂತೆ. ಇಲ್ಲಿ ಹಿಮ ಅಂದೆ. ನಂಬಲಿಲ್ಲ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, 'ಕಟ್ಟಿಗೆ ಎಲ್ಲ ಒಳಗೆ ಹಾಕಿದ್ದೀಯೇನೋ?' ಅಂದಳು.