ಸೇರುವ ಮುಂಚೆಯೇ ವಜಾ

ಕೆಲಸ ಕೊಡುವಾಗ "ನಮ್ಮ ಕುಟುಂಬಕ್ಕೆ ಸ್ವಾಗತ". ಕಿತ್ತುಕೊಳ್ಳುವಾಗ "ವ್ಯವಹಾರದ ಅಗತ್ಯ ಬದಲಾಗಿದೆ". ಇವೆರಡರ ನಡುವೆ ನೀವು ಹಳೆಯ ಕೆಲಸ ಬಿಟ್ಟು, ಮಕ್ಕಳನ್ನು ಶಾಲೆ ಬಿಡಿಸಿ, ಮಂಚ ಬಿಚ್ಚಿ ಲಾರಿಗೆ ಹೇರಿ, ಹೊಸ ಊರಿಗೆ ಬಂದಿರುತ್ತೀರಿ. ಮಂಚದ ನಟ್ಟುಗಳನ್ನು ಯಾವ ಡಬ್ಬಿಗೆ ಹಾಕಿದೆವು ಅಂತ ಹುಡುಕುತ್ತಿರುವಾಗಲೇ ಮೇಲ್ ಬರುತ್ತದೆ. ಕೊನೆಯ ಸಾಲು: "ನಿಮ್ಮ ಮುಂದಿನ ಪಯಣಕ್ಕೆ ಶುಭಾಶಯ." ಯಾವ ಪಯಣ ಸ್ವಾಮಿ, ಅದೇ ಲಾರಿಯಲ್ಲಿ ವಾಪಸಾ?

ಕೋರ್ಟಿಗೆ ಹೋದರೆ ಅಲ್ಲೊಂದು ತಮಾಷೆ ಕಾದಿರುತ್ತದೆ. ಅಮೆರಿಕದಲ್ಲಿ ಮೊಂಟಾನಾ ರಾಜ್ಯ ಒಂದನ್ನು ಬಿಟ್ಟರೆ, ಕರಾರಿಲ್ಲದ ನೌಕರನನ್ನು ಸಾಮಾನ್ಯವಾಗಿ ಯಾವಾಗ ಬೇಕಾದರೂ ತೆಗೆಯಬಹುದು. ಹಾಗಾಗಿ ಕಂಪನಿಯ ವಾದ ಹೀಗೆ: ಸೇರಿದ ದಿನ ಮಧ್ಯಾಹ್ನವೇ ಕಳಿಸಬಹುದಿತ್ತು, ಸೇರಿಸಿಕೊಳ್ಳದೆ ಅರ್ಧ ದಿನ ಉಳಿಸಿಕೊಟ್ಟಿದ್ದೇವೆ, ನಷ್ಟ ಎಲ್ಲಿದೆ? ಉಪಕಾರ ಮಾಡಿದ್ದಾರೆ, ಅಲ್ವಾ?

1981ರಲ್ಲಿ ಅಲ್ಲಿನ ಮಿನೆಸೋಟ ರಾಜ್ಯದ ಸುಪ್ರೀಂ ಕೋರ್ಟ್ ಇಂಥ ವಾದಕ್ಕೆ ತಲೆದೂಗಲಿಲ್ಲ. ಒಬ್ಬ ಫಾರ್ಮಸಿಸ್ಟ್ ಹೊಸ ಕೆಲಸ ಒಪ್ಪಿಕೊಂಡು ಹಳೆಯದಕ್ಕೆ ರಾಜೀನಾಮೆ ಕೊಟ್ಟಿದ್ದ. ಇನ್ನೊಂದು ಕಡೆಯಿಂದ ಬಂದ ಕೆಲಸವನ್ನೂ ಬೇಡ ಅಂದಿದ್ದ. ಅಷ್ಟರಲ್ಲಿ ಹೊಸ ಕೆಲಸ ಕೊಡುತ್ತೇವೆ ಅಂದಿದ್ದವರು ಬೇರೆಯವರನ್ನು ತೆಗೆದುಕೊಂಡಾಗಿತ್ತು. ನಿಮ್ಮ ಮಾತು ನಂಬಿ ಅವನು ಕಳೆದುಕೊಂಡಿದ್ದಕ್ಕೆ ಪರಿಹಾರ ಕೊಡಿ ಅಂದಿತು ಕೋರ್ಟು. ಸಿಗದ ಕೆಲಸದ ಸಂಬಳ ಅಲ್ಲ, ಬಿಟ್ಟುಬಂದಿದ್ದರ ಲೆಕ್ಕ.

ಕ್ಯಾಲಿಫೋರ್ನಿಯಾದ ಕಾರ್ಮಿಕ ಸಂಹಿತೆ ಇನ್ನೂ ಜೋರು. ಕೆಲಸದ ಬಗ್ಗೆ ಸುಳ್ಳು ಹೇಳಿ ಊರು ಬಿಡಿಸಿದರೆ ನಷ್ಟದ ಎರಡು ಪಟ್ಟು ಕೊಡಬೇಕು (970 ಮತ್ತು 972ನೇ ಸೆಕ್ಷನ್). ಆದರೆ ಗೊತ್ತಿದ್ದೂ ಸುಳ್ಳು ಹೇಳಿದರು ಅಂತ ನೀವೇ ಸಾಬೀತು ಮಾಡಬೇಕು. ಎಚ್‌ಆರ್‌ನವರಿಗೆ ಏನಾದರೂ ಗೊತ್ತಿತ್ತು ಅಂತ ಸಾಬೀತು ಮಾಡುವುದು ಸುಮ್ನೆ ಮಾತಲ್ಲ.

ಕೇಸು ಹಾಕಿ ಮನೆಯಲ್ಲಿ ಕೂರುವ ಹಾಗೂ ಇಲ್ಲ. ಬೇರೆ ಕೆಲಸ ಹುಡುಕಬೇಕು. ಸಿಕ್ಕರೆ ಆ ಸಂಬಳವನ್ನು ಪರಿಹಾರದಲ್ಲಿ ಕಳೆಯುತ್ತಾರೆ. ಹುಡುಕದಿದ್ದರೆ "ಹುಡುಕಿದ್ದರೆ ಸಿಗುತ್ತಿತ್ತಲ್ಲ" ಅಂತ ಅದನ್ನೂ ಕಳೆಯುತ್ತಾರೆ.

ಇಷ್ಟರ ಮೇಲೆ ನಿಮ್ಮ ಹತ್ತಿರ ಲಾರಿ ಬಿಲ್ಲು, ರಾಜೀನಾಮೆ ಪತ್ರ, "ಬೇಗ ಬಂದು ಸೇರಿ" ಅಂತ ಅವರೇ ಬರೆದ ಮೇಲ್ ಎಲ್ಲ ಇದೆ ಅಂತ ಗೊತ್ತಾದರೆ ಕಂಪನಿಗೆ ತಕ್ಷಣ ಕುಟುಂಬದ ನೆನಪಾಗುತ್ತದೆ. ಒಂದಿಷ್ಟು ದುಡ್ಡು ತೋರಿಸಿ, "ಮುಂದೆ ಏನೂ ಕೇಳುವುದಿಲ್ಲ" ಎಂಬ ಕಾಗದ ಮುಂದಿಡುತ್ತಾರೆ. ಆಫರ್ ಲೆಟರಿನ ತುಂಬಾ ಇದ್ದ "ಷರತ್ತುಗಳಿಗೆ ಒಳಪಟ್ಟು" ಇದರಲ್ಲಿ ಒಂದು ಕಡೆಯೂ ಇರುವುದಿಲ್ಲ. ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ.