ಮೋಡ, ನೀರು ಮತ್ತು ಮೇಷ್ಟ್ರ ಟ್ಯಾಂಕು

ಕುವೆಂಪುನಗರದ ನಮ್ಮ ಮನೆಯ ತಾರಸಿಯಲ್ಲಿ ನಿಂತು ಪೂರ್ವಕ್ಕೆ ಮುಖ ಮಾಡಿದರೆ ಚಾಮುಂಡಿ ಬೆಟ್ಟ ಕಾಣುತ್ತದೆ ಎಂದು ಮನೆ ಕೊಳ್ಳುವಾಗ ದಲ್ಲಾಳಿ ಹೇಳಿದ್ದು ಸುಳ್ಳಲ್ಲ. ಬೆಟ್ಟಕ್ಕೂ ನಮಗೂ ನಡುವೆ ಪಕ್ಕದ ಮನೆಯ ಮೇಷ್ಟ್ರ ಸಾವಿರ ಲೀಟರಿನ ಕಪ್ಪು ಟ್ಯಾಂಕೂ ಕಾಣುತ್ತದೆ ಎಂಬುದನ್ನು ಮಾತ್ರ ಆತ ಹೇಳಿರಲಿಲ್ಲ. ನಿವೃತ್ತಿಯ ದಿನ ಸಹೋದ್ಯೋಗಿಗಳು ಗೋಡೆ ಗಡಿಯಾರದ ಬದಲು ಕ್ಯಾಮೆರಾ ಕೊಟ್ಟು, ಅದರಿಂದ ನನಗೆ ಮೋಡದ ಚಿತ್ರ ತೆಗೆಯುವ ಚಟ ಹತ್ತುವವರೆಗೆ ಅದೊಂದು ಕೊರತೆಯೆಂದು ನನಗೂ ಅನ್ನಿಸಿರಲಿಲ್ಲ. ಎಡಕ್ಕೆ ಸರಿದರೆ ತೆಂಗಿನ ಮರ, ಬಲಕ್ಕೆ ಸರಿದರೆ ಕೇಬಲ್ಲಿನ ತಂತಿಗಳು, ಕುಳಿತರೆ ನಮ್ಮದೇ ಮೋಟುಗೋಡೆ. ನೆಟ್ಟಗೆ ನಿಂತರೆ ಟ್ಯಾಂಕು. ದೂರದ ಬೆಟ್ಟವನ್ನು ಹತ್ತಿರಕ್ಕೆ ತರೋಣವೆಂದು ಜೂಮ್ ತಿರುಗಿಸಿದರೆ ಬೆಟ್ಟಕ್ಕಿಂತ ಮೊದಲು ಟ್ಯಾಂಕೇ ಓಡಿಬಂದು ಎದುರು ನಿಲ್ಲುತ್ತಿತ್ತು.

ಹೀಗಾಗಿ ನಾನು ನೀರಿನ ಕಡೆಗೆ ಹೊರಟೆ. ನೀರಿದ್ದಲ್ಲಿ ಆಕಾಶ ಎರಡು ಸಲ ಸಿಗುತ್ತದೆ, ಟ್ಯಾಂಕು ಒಂದು ಸಲವೂ ಸಿಗುವುದಿಲ್ಲ ಎಂಬುದು ನನ್ನ ಲೆಕ್ಕಾಚಾರವಾಗಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ಆರು ಗಂಟೆಗೆ ಟ್ರೈಪಾಡ್ ಊರಿದ ಮೊದಲ ದಿನವೇ, ವಾಯುವಿಹಾರಕ್ಕೆ ಬಂದ ಹಿರಿಯರೊಬ್ಬರು ಅದನ್ನು ಸರ್ವೆಯವರ ಯಂತ್ರವೆಂದು ತಿಳಿದು, "ಏನ್ ಸ್ವಾಮಿ, ಕೆರೇನೂ ಸೈಟ್ ಮಾಡ್ತೀರಾ?" ಎಂದು ಗದರಿದರು. ಅಲ್ಲವೆಂದು ನಾನು ವಿವರಿಸಿ ಮುಗಿಸುವಷ್ಟರಲ್ಲಿ, ಮೋಡದ ಅಂಚಿನಲ್ಲಿ ಮೂರು ನಿಮಿಷವಷ್ಟೇ ಇದ್ದ ಕುಂಕುಮದ ಬಣ್ಣ ತೊಳೆದುಹೋಗಿ, ಇಡೀ ಆಕಾಶ ಒಗೆದ ಬಿಳಿ ಪಂಚೆಯಂತಾಗಿತ್ತು.

ತೊಣ್ಣೂರು ಕೆರೆಯಲ್ಲಿ ಆದದ್ದಕ್ಕೆ ಮಾತ್ರ ಇನ್ನೊಬ್ಬರನ್ನು ದೂರುವಂತಿಲ್ಲ. ಪಾಂಡವಪುರ ತಾಲ್ಲೂಕಿನ ಆ ಕೆರೆಯ ನೀರು ಎಷ್ಟು ತಿಳಿಯೆಂದರೆ ಅದಕ್ಕೆ ಮೋತಿ ತಲಾಬ್, ಅಂದರೆ ಮುತ್ತಿನ ಕೆರೆ ಎಂಬ ಹೆಸರೂ ಇದೆ. ಅಂದು ಗುಡ್ಡಗಳ ನಡುವಿನ ಆಕಾಶದಲ್ಲಿ ಹತ್ತಿ ಹಿಂಜಿ ಹರಡಿದಂಥ ಮೋಡಗಳಿದ್ದವು. ಕಾಲ ಬುಡದ ನೀರಿನಲ್ಲಿ ಅವುಗಳ ಪ್ರತಿಬಿಂಬ ಎಳ್ಳಷ್ಟೂ ಅಲುಗದೆ ಮಲಗಿತ್ತು. ಪೋಲರೈಸರ್ ಫಿಲ್ಟರ್ ಹಾಕಿದರೆ ನೀಲಿ ಗಾಢವಾಗಿ ಮೋಡ ಎದ್ದು ಕಾಣುತ್ತದೆ ಎಂದು ಎಲ್ಲೋ ಓದಿದ್ದ ನಾನು, ಹಿಂದಿನ ದಿನವಷ್ಟೇ ದುಬಾರಿ ಬೆಲೆಗೆ ಕೊಂಡಿದ್ದ ಆ ಗಾಜಿನ ಬಿಲ್ಲೆಯನ್ನು ಲೆನ್ಸಿನ ಮುಂದೆ ಕೂರಿಸಿ, ಅದು ಎಷ್ಟು ತಿರುಗುತ್ತದೋ ಅಷ್ಟೂ ತಿರುಗಿಸಿದೆ. ಬಿಸಿಲಿನಲ್ಲಿ ಕ್ಯಾಮೆರಾದ ಪರದೆ ಕಾಣದಿದ್ದುದರಿಂದ ನಲವತ್ತು ಚಿತ್ರಗಳನ್ನು ಅಂದಾಜಿನ ಮೇಲೆಯೇ ತೆಗೆದೆ. ನೀರಿನ ಮೇಲ್ಮೈಯಿಂದ ಹಾರಿ ಬರುವ ಬೆಳಕಿನ ಹೊಳಪನ್ನು ಅಳಿಸುವುದೇ ಆ ಫಿಲ್ಟರಿನ ಕಸುಬು, ಮತ್ತು ಪ್ರತಿಬಿಂಬವೆಂದರೆ ಆ ಹೊಳಪೇ ಎಂಬುದು ನನಗೆ ಹೊಳೆದದ್ದು ಮನೆಗೆ ಬಂದು ಕಂಪ್ಯೂಟರ್ ತೆರೆದ ಮೇಲೆ. ನಲವತ್ತು ಚಿತ್ರಗಳಲ್ಲೂ ಮೋಡದ ಸುಳಿವಿರಲಿಲ್ಲ. ಬದಲಿಗೆ ಕೆರೆಯ ತಳದ ಉರುಟು ಕಲ್ಲುಗಳು, ಒಂದೆರಡು ಮೀನಿನ ಮರಿಗಳು ಮತ್ತು ಯಾರದೋ ಎಡಗಾಲಿನ ಹವಾಯಿ ಚಪ್ಪಲಿ ಎಣಿಸಬಹುದಾದಷ್ಟು ಸ್ಪಷ್ಟವಾಗಿ ಬಂದಿದ್ದವು. ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿತ್ತು ಎಂಬುದನ್ನೂ ನೋಡಬಹುದಿತ್ತು.

ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ 124.80 ಅಡಿ ಮುಟ್ಟಿ, ಕಾವೇರಿಗೆ ನೀರು ಬಿಟ್ಟರೆಂಬ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ಮೈಸೂರು, ಮಂಡ್ಯಗಳ ಅರ್ಧ ಜನ ಗಗನಚುಕ್ಕಿಯ ದಾರಿ ಹಿಡಿಯುತ್ತಾರೆ. ನಾನೂ ಮಡದಿಯನ್ನು ಕರೆದುಕೊಂಡು ಹೊರಟೆ. ಜಲಪಾತದ ನೀರು ಹಾಲಿನ ನೊರೆಯಂತೆ ಬರಬೇಕಾದರೆ ಶಟರನ್ನು ಅರ್ಧ ಸೆಕೆಂಡಾದರೂ ತೆರೆದಿಡಬೇಕು, ಅಷ್ಟು ಹೊತ್ತು ಕ್ಯಾಮೆರಾ ಅಲುಗಬಾರದು, ಹೆಚ್ಚಿನ ಬೆಳಕು ಒಳಬರದಂತೆ ಕಪ್ಪು ಫಿಲ್ಟರ್ ಬೇಕು. ಇವೆಲ್ಲವನ್ನೂ ಪಟ್ಟಿ ಮಾಡಿ ಒಯ್ದಿದ್ದೆ. ಬ್ಯಾಟರಿ ಮಾತ್ರ ಮನೆಯಲ್ಲಿ ಚಾರ್ಜರಿನ ಮೇಲೆಯೇ ಕುಳಿತಿತ್ತು. 1902ರಲ್ಲಿ ಇದೇ ಶಿವನಸಮುದ್ರದಿಂದ ಅಷ್ಟು ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿಸಿದರು ಎಂಬ ಇತಿಹಾಸವನ್ನು ನಾನು ದಾರಿಯುದ್ದಕ್ಕೂ ಮಡದಿಗೆ ಹೇಳುತ್ತಾ ಬಂದಿದ್ದೆ. ಅವಳು ಧುಮ್ಮಿಕ್ಕುವ ನೀರನ್ನೂ ನನ್ನ ಸತ್ತ ಕ್ಯಾಮೆರಾವನ್ನೂ ಒಮ್ಮೆ ನೋಡಿ, "ಕೋಲಾರಕ್ಕೆ ಹೋಯ್ತು, ನಿಮ್ಮ ಕೈಗೆ ಬರ್ಲಿಲ್ಲ" ಎಂದಷ್ಟೇ ಹೇಳಿ ಚುರುಮುರಿ ತಿನ್ನತೊಡಗಿದಳು.

ಆಗುಂಬೆಯ ಸೂರ್ಯಾಸ್ತದ ಬಗ್ಗೆ ಹೆಚ್ಚು ಬರೆಯಲು ಏನೂ ಇಲ್ಲ. ಎರಡು ಸಂಜೆ ನಿಂತೆವು, ಎರಡು ಸಂಜೆಯೂ ಘಟ್ಟದ ಕೆಳಗಿನಿಂದ ಮಂಜು ಎದ್ದು ಬಂದು ನಮ್ಮ ಮುಖಕ್ಕೇ ಕವಿಯಿತು. "ಈ ಬಿಳಿ ಗೋಡೆ ನೋಡೋಕೆ ಇಷ್ಟು ದೂರ ಬರ್ಬೇಕಿತ್ತೇನ್ರೀ?" ಎಂದ ಮಡದಿಯ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ.

ಇಷ್ಟೆಲ್ಲ ಸುತ್ತಿ ಸೋತ ಮೇಲೆ ನನ್ನ ಬಾಳಿನ ಏಕೈಕ ಒಳ್ಳೆಯ ಚಿತ್ರ ಸಿಕ್ಕಿದ್ದು ಮತ್ತೆ ನಮ್ಮ ತಾರಸಿಯಲ್ಲೇ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುತ್ತಾರಲ್ಲ, ಆ ಭರಣಿ ಹುಟ್ಟಿದ ಮೂರನೆಯ ಸಂಜೆ. ಬೆಟ್ಟದ ಹಿಂದೆ ಮೋಡ ಇದ್ದಿಲಿನ ರಾಶಿಯಂತೆ ಮೇಲೇಳುತ್ತಿತ್ತು. ಪಶ್ಚಿಮದಲ್ಲಿ ಸೂರ್ಯ ಇನ್ನೂ ಮುಳುಗಿರಲಿಲ್ಲ. ಇಳಿಹೊತ್ತಿನ ಬೆಳಕು ಗಾಳಿಯ ಉದ್ದ ದಾರಿ ಕ್ರಮಿಸಿ ಬರುವಾಗ ಅದರ ನೀಲಿಯೆಲ್ಲ ದಾರಿಯಲ್ಲೇ ಚೆದುರಿ, ಉಳಿದ ಹೊಂಬಣ್ಣ ಆ ಕರಿಮೋಡದ ಎದೆಗೆ ನೇರವಾಗಿ ಬಡಿದಿತ್ತು. ಮೋಡದ ಕಡೆಯಿಂದ ಮಣ್ಣಿನ ವಾಸನೆ ಹೊತ್ತ ಬಿರುಗಾಳಿ ಎದ್ದು ಮುಖಕ್ಕೆ ರಾಚಿತು. ನಾನು ಮೋಟುಗೋಡೆಗೆ ಬೆನ್ನು ಕೊಟ್ಟು ಒಂದರ ಹಿಂದೊಂದು ಗುಂಡಿ ಒತ್ತಿ, ಮೊದಲ ಹನಿ ಬಿದ್ದೊಡನೆ ಕೆಳಗೆ ಓಡಿದೆ.

ಅವುಗಳಲ್ಲೊಂದರಲ್ಲಿ ಹೊನ್ನಿನ ಮೋಡದ ಮುಂದೆ ಒಂದು ಕಪ್ಪು ಚುಕ್ಕೆಯಿತ್ತು. ಸೆನ್ಸರಿನ ಮೇಲೆ ದೂಳು ಕೂತರೆ ಆಕಾಶದ ಚಿತ್ರದಲ್ಲಿ ಹೀಗೆಯೇ ಕಲೆ ಕಾಣುತ್ತದೆಯಾದ್ದರಿಂದ ಮೊದಲು ಬೇಸರವಾಯಿತು. ಆದರೆ ಕಲೆ ಉಳಿದ ಚಿತ್ರಗಳಲ್ಲಿ ಇರಲಿಲ್ಲ. ಹಿಗ್ಗಿಸಿ ನೋಡಿದರೆ ಓರೆಯಾಗಿ ತೇಲುವ ರೆಕ್ಕೆಯಂತಿತ್ತು. ಗರುಡ! ಕೆಳಗಿನ ಟ್ಯಾಂಕನ್ನು ಕತ್ತರಿಸಿ ತೆಗೆದು, ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ, ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದೆ. ಬಂದ ನೆಂಟರೆಲ್ಲ ಹೊಗಳಿದರು, ಒಬ್ಬರಂತೂ ಕೈಮುಗಿದರು. ಮಡದಿ ಮಾತ್ರ, "ಗರುಡ ಇಷ್ಟು ಗುಂಡಗಿರುತ್ತೇನ್ರೀ?" ಎಂದಳು. ಬಿರುಗಾಳಿಯಲ್ಲಿ ಹಕ್ಕಿಗಳು ರೆಕ್ಕೆ ಮುದುರುತ್ತವೆ ಎಂದು ತಿಳಿಸಿಕೊಟ್ಟೆ.

ಆಷಾಢದಲ್ಲಿ ಡೆಂಗಿಯ ಲಾರ್ವಾ ನೋಡಲು ಬಂದ ಆಶಾ ಕಾರ್ಯಕರ್ತೆಯೊಬ್ಬರು ಮೇಷ್ಟ್ರ ಟ್ಯಾಂಕಿಗೆ ಮುಚ್ಚಳವೇ ಇಲ್ಲವೆಂಬುದನ್ನು ಪತ್ತೆ ಮಾಡಿದರು. ಟ್ಯಾಂಕು ತೊಳೆಯುವ ಹುಡುಗನ ಮೇಲೆ ಮೇಷ್ಟ್ರಿಗೆ ಗುಮಾನಿ. ಅದು ಎಂದಿನಿಂದ ಇಲ್ಲವೆಂದು ತಿಳಿದರೆ ಹುಡುಗ ಬಂದ ದಿನಕ್ಕೆ ತಾಳೆ ನೋಡಬಹುದೆಂದು ನಮ್ಮ ಮನೆಗೆ ಬಂದರು. "ನೀವು ದಿನಾ ನಮ್ ಟ್ಯಾಂಕಿನ ಫೋಟೋ ತೆಗೀತೀರಲ್ಲ ಸಾರ್" ಎಂದರು. ನಾನು ತೆಗೆಯುವುದು ಮೋಡದ ಫೋಟೋ ಎಂದು ವಾದಿಸಲು ಹೋಗಲಿಲ್ಲ; ಕತ್ತರಿಸದ ಮೂಲ ಚಿತ್ರಗಳನ್ನು ಒಂದೊಂದಾಗಿ ತೆರೆದೆ. ಯುಗಾದಿಗೆ ಮುಚ್ಚಳವಿತ್ತು. ರಾಮನವಮಿಗೂ ಇತ್ತು. ಭರಣಿಯ ಆ ಸಂಜೆ 5.52ರ ಚಿತ್ರದಲ್ಲಿ ಮುಚ್ಚಳ ಆಕಳಿಸಿದ ಬಾಯಂತೆ ಒಂದು ಕಡೆ ಎದ್ದಿತ್ತು. ಮುಂದಿನ ಚಿತ್ರದಲ್ಲಿ ಟ್ಯಾಂಕಿನ ಬಾಯಿ ಬರಿದಾಗಿತ್ತು, ಮೇಲೆ ಗರುಡ ಹಾರುತ್ತಿತ್ತು.

ಮೇಷ್ಟ್ರು ಪರದೆಯನ್ನೂ ಗೋಡೆಯ ಮೇಲಿನ ಚೌಕಟ್ಟನ್ನೂ ಎರಡೆರಡು ಸಲ ನೋಡಿದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದವರು. "ಗಾಳಿ ಪೂರ್ವದಿಂದ. ಹಾಗಾದ್ರೆ ಬಿದ್ದಿರೋದು ಪಶ್ಚಿಮಕ್ಕೆ" ಎನ್ನುತ್ತಾ ಮೆಟ್ಟಿಲು ಹತ್ತಿದರು, ನಾನು ಹಿಂಬಾಲಿಸಿದೆ. ತಾರಸಿಯ ಮೂಲೆಯಲ್ಲಿ ಗುಂಡನೆಯ ಕಪ್ಪು ಪ್ಲಾಸ್ಟಿಕ್ ತಟ್ಟೆಯೊಂದಿತ್ತು. ಮಳೆ ಬಂದ ಮರುದಿನ ಸಿಕ್ಕಿದ್ದ ಅದನ್ನು ಬಣ್ಣದವರು ಬಿಟ್ಟುಹೋದ ಡ್ರಮ್ಮಿನ ಮುಚ್ಚಳವೆಂದು ತಿಳಿದು, ಒದ್ದೆ ನೆಲದ ಮೇಲೆ ಕೂರಲು ಹೇಳಿಮಾಡಿಸಿದಂತಿದೆಯೆಂದು, ಎರಡು ತಿಂಗಳಿನಿಂದ ಅದರ ಮೇಲೆಯೇ ಕುಳಿತು ನಾನು ಆಕಾಶ ಕಾಯುತ್ತಿದ್ದೆ. ಮೇಷ್ಟ್ರು ಏನೂ ಹೇಳದೆ ಅದನ್ನು ಕಂಕುಳಲ್ಲಿ ಇರುಕಿಕೊಂಡು ಇಳಿದುಹೋದರು.

ಮರುದಿನ ಅವರು ಮುಚ್ಚಳ ಕೂರಿಸಿ, ಮತ್ತೆ ಹಾರದಿರಲೆಂದು ಅದರ ಮೇಲೆ ಹಳೆಯ ಒರಳಿನ ರುಬ್ಬುಗುಂಡನ್ನು ಹೇರಿದರು. ಈಗ ನನ್ನ ಮೋಡದ ಚಿತ್ರಗಳಲ್ಲಿ ಟ್ಯಾಂಕಿನ ಜೊತೆ ರುಬ್ಬುಗುಂಡೂ ಬರುತ್ತಿದೆ.